‘ಅದು ಹೆಂಗಸರ ಕಥೆ’ ಎಂದಿದ್ದೆ

ನಲ್ಲಂಪಳ್ಳಿ ಎಂದರೆ ನಮ್ಮ ಕಡೆಯ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ. ಬೆಂಗಳೂರಿನಿಂದ ಸೇಲಂಗೆ ಹೋಗುವ ಹೆದ್ದಾರಿಯಲ್ಲಿ ಧರ್ಮಪುರಿ ದಾಟಿದ ಮೇಲೆ ಸಿಗುವ ಸಣ್ಣ ಊರು. ಅಲ್ಲಿಂದ ಮುಂದೆ ತೊಪ್ಪೂರು ಘಾಟಿ. ಆ ಹೆಸರು ಕೇಳಿದರೆ ಲಾರಿಯವರಿಗೆ ಸ್ವಲ್ಪ ಹೆದರಿಕೆ. ಸೇಲಂ ಕಡೆಗೆ ಉದ್ದಕ್ಕೂ ಇಳಿಜಾರು. ಡೀಸೆಲ್ ಉಳಿಸಲಿಕ್ಕೆಂದು ಕೆಲವರು ನ್ಯೂಟ್ರಲ್‌ನಲ್ಲಿ ಇಳಿಸುತ್ತಾರೆ. ಲೋಡಿನ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು ಡ್ರಮ್ ಕಾದು ಹೋಗುತ್ತದೆ. ಆಮೇಲೆ ಎಷ್ಟು ತುಳಿದರೂ ಹಿಡಿಯುವುದಿಲ್ಲ. ಹಾಗಾಗಿ ಘಾಟಿಗೆ ಮೊದಲೇ ಬ್ರೇಕ್ ನೋಡುವ ವರ್ಕ್‌ಶಾಪುಗಳು ಇಲ್ಲಿವೆ. ಅಂಥ ಒಂದರಲ್ಲಿ ನನಗೆ ಕೆಲಸ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಮಂಗಳೂರು, ಗಲ್ಫ್, ಹೊಸೂರು ಎಂದು ಸುತ್ತಿ ಇಲ್ಲಿಗೆ ಬಂದು ನಾಲ್ಕು ವರ್ಷವಾಯಿತು.

ವರ್ಕ್‌ಶಾಪಿನ ಎದುರು ಒಂದು ಟೀ ಅಂಗಡಿ. ನಡೆಸುವವರು ಐವತ್ತು ದಾಟಿದ ಒಬ್ಬ ಅಕ್ಕ. ಅವರ ಮನೆಮಾತು ಕನ್ನಡ. ಧರ್ಮಪುರಿ, ಹೊಸೂರು ಕಡೆ ಅಂಥ ಮನೆಗಳು ಇವೆ. ಆದರೆ ಅವರು ಕಲಿತದ್ದು ತಮಿಳು ಶಾಲೆಯಲ್ಲಿ. ಕನ್ನಡ ಮಾತಾಡಲಿಕ್ಕೆ ಬರುತ್ತದೆ, ಓದಲಿಕ್ಕೆ ಬರುವುದಿಲ್ಲ. ನಮ್ಮ ಮನೆಗಳಲ್ಲಿ ಬ್ಯಾರಿ ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿತ ಹಾಗೆಯೇ. ಅದಕ್ಕೇ ಇರಬೇಕು, ಅವರಿಗೂ ನನಗೂ ಬೇಗ ಹೊಂದಿಕೆಯಾಯಿತು.

ಸಂಜೆ ಅಲ್ಲಿ ನಾಲ್ಕೈದು ಜನ ಸೇರುತ್ತೇವೆ. ನಿವೃತ್ತ ತಮಿಳು ಮೇಷ್ಟ್ರು ಒಬ್ಬರು, ಎಲ್ಲರೂ ವಾದ್ಯಾರ್ ಎನ್ನುತ್ತಾರೆ. ಲಾರಿಗಳಿಗೆ ಲೋಡು ಹಿಡಿದುಕೊಡುವ ತಮಿಳು ಮುಸ್ಲಿಂ ಹಿರಿಯರು ಒಬ್ಬರು. ನಮ್ಮಲ್ಲಿ ಲೇತ್ ನಡೆಸುವ ಇಪ್ಪತ್ತಮೂರರ ಹುಡುಗ. ಮತ್ತೆ ನಾನು. ಇಲ್ಲಿ ಮುಸ್ಲಿಮರನ್ನೆಲ್ಲ ‘ಬಾಯ್’ ಎಂದು ಕರೆಯುವುದರಿಂದ ಅವರು ಪೆರಿಯ ಬಾಯ್, ನಾನು ಚಿನ್ನ ಬಾಯ್.

ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಪೆರಿಯ ಬಾಯ್‌ಗೆ ನಾಗೂರು ಹನೀಫಾ ಬಿಟ್ಟರೆ ಬೇರೆ ಗಾಯಕರಿಲ್ಲ. 2015ರಲ್ಲಿ ಹನೀಫಾ ತೀರಿಕೊಂಡ ದಿನ ಊಟ ಸೇರಲಿಲ್ಲವಂತೆ. ಲೇತ್ ಹುಡುಗನಿಗೆ ಇಳಯರಾಜ. ಒಮ್ಮೆ ಅವನು, “ಹನೀಫಾ ಅವರದ್ದು ಗಂಡುದನಿ, ಮೈಕೇ ಬೇಡ. ಹೆಂಗಸರ ಹಾಡು ತೊಟ್ಟಿಲಿಗೆ, ಮದುವೆಗೆ ಸಾಕು” ಎಂದ. ಅಕ್ಕ ಟೀ ಸೋಸುತ್ತಲೇ, “ಹಾಗಾದರೆ ರಾತ್ರಿ ಇಡೀ ನಿಮ್ಮ ಲಾರಿಗಳಲ್ಲಿ ಜಾನಕಿಯಮ್ಮ ಯಾಕೆ ಹಾಡುತ್ತಾರೆ? ನಿದ್ದೆ ಬಾರದ ಹಾಗೆ ಗಂಡಸರನ್ನು ಸೇಲಂ ಮುಟ್ಟಿಸುವುದು ಯಾರು?” ಎಂದರು. ನಾವೆಲ್ಲ ನಕ್ಕೆವು. ಹುಡುಗ ಆ ದಿನ ಎರಡು ಟೀ ಕುಡಿದು ಮೂರರ ದುಡ್ಡು ಕೊಟ್ಟ.

2025ರ ಮೇ 21ರ ಸಂಜೆ ವಾದ್ಯಾರ್ ಕೈಯಲ್ಲಿ ಮೊಬೈಲ್ ಹಿಡಿದುಕೊಂಡೇ ಬಂದರು. “ಚಿನ್ನ ಬಾಯ್, ನಿಮ್ಮ ಭಾಷೆಗೆ, ನಿಮ್ಮ ಜನಕ್ಕೆ, ಎರಡಕ್ಕೂ ಒಟ್ಟಿಗೆ ಬಂದಿದೆ ನೋಡಿ.” ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ. ಹಾಸನದ ವಕೀಲೆ, ಕನ್ನಡದಲ್ಲಿ ಬರೆದ 12 ಕಥೆಗಳು, ಇಂಗ್ಲಿಷಿಗೆ ತಂದವರು ದೀಪಾ ಭಾಸ್ತಿ. ಕನ್ನಡಕ್ಕೆ ಈ ಪ್ರಶಸ್ತಿ ಇದೇ ಮೊದಲು. ಪೆರಿಯ ಬಾಯ್ “ಮಾಷಾ ಅಲ್ಲಾಹ್” ಎಂದರು. ವಾದ್ಯಾರ್ ಕೇಳಿದರು: “ನೀವು ಓದಿರುತ್ತೀರಿ ಅಲ್ಲವಾ? ಹೇಗಿದೆ?”

ನಾನು ಸ್ವಲ್ಪವೂ ಯೋಚಿಸದೆ, “ಇಲ್ಲ ಸಾರ್. ಅದು ಹೆಂಗಸರ ಕಥೆ” ಎಂದೆ.

ಅಕ್ಕ ತಿರುಗಿ ನೋಡಿದರು. “ಹಾಗಾದರೆ ನೀನು ಗಂಡಸರ ಕಥೆ ಓದುವವನಾ? ಯಾವುದು ಓದಿದ್ದೀ, ಹೇಳು.”

ನೆನಪು ಮಾಡಿಕೊಂಡೆ. ಕೊನೆಯದಾಗಿ ಓದಿ ಮುಗಿಸಿದ ಪುಸ್ತಕ ಡಿಪ್ಲೊಮಾದ ‘ಸ್ಟ್ರೆಂಗ್ತ್ ಆಫ್ ಮೆಟೀರಿಯಲ್ಸ್’. ಅದನ್ನೇ ಹೇಳಿದೆ.

“ಅದು ಪಕ್ಕಾ ಗಂಡಸರ ಕಥೆ ಅಣ್ಣಾ, ಅದರಲ್ಲಿ ಒಂದು ಹೆಣ್ಣೂ ಬರುವುದಿಲ್ಲ” ಎಂದ ಲೇತ್ ಹುಡುಗ. ಎಲ್ಲರೂ ಜೋರಾಗಿ ನಕ್ಕರು. ನಾನೂ ನಕ್ಕೆ, ಆದರೆ ಟೀ ಗಂಟಲಲ್ಲಿ ಸರಿಯಾಗಿ ಇಳಿಯಲಿಲ್ಲ.

ವಾದ್ಯಾರ್ ನಗು ಮುಗಿಯಲಿಕ್ಕೆ ಬಿಟ್ಟು ಒಂದು ವಿಷಯ ಹೇಳಿದರು. ಈ ಧರ್ಮಪುರಿಯ ಹಳೆಯ ಹೆಸರು ತಗಡೂರು. ಸಂಘಂ ಕಾಲದಲ್ಲಿ ಅದಿಯಮಾನ್ ಆಳಿದ ಊರು. ಪಕ್ಕದ ಅದಿಯಮಾನ್‌ಕೋಟೆಗೆ ಅವನದ್ದೇ ಹೆಸರು. ತಿಂದವರಿಗೆ ದೀರ್ಘಾಯುಷ್ಯ ಕೊಡುವ ಒಂದು ನೆಲ್ಲಿಕಾಯಿ ಅವನಿಗೆ ಸಿಕ್ಕಿತಂತೆ. ಅವನು ಅದನ್ನು ತಾನು ತಿನ್ನಲಿಲ್ಲ, ಅವ್ವೈಯಾರ್ ಎಂಬ ಹೆಣ್ಣುಕವಿಗೆ ಕೊಟ್ಟ. ಅದೇ ಅವ್ವೈಯನ್ನು ತೊಂಡೈಮಾನ್ ರಾಜನ ಬಳಿಗೆ ದೂತೆಯಾಗಿಯೂ ಕಳಿಸಿದ. ತೊಂಡೈಮಾನ್ ತನ್ನ ಆಯುಧಗಳನ್ನು ತೋರಿಸಿ ಮೆರೆದಾಗ ಅವ್ವೈ ಹೇಳಿದ್ದು ‘ಪುರನಾನೂರು’ ಸಂಕಲನದಲ್ಲಿದೆಯಂತೆ. ನಿನ್ನ ಆಯುಧಗಳು ತುಪ್ಪ ಸವರಿಸಿಕೊಂಡು ಹೊಸದಾಗಿ ಹೊಳೆಯುತ್ತಿವೆ, ನಮ್ಮ ರಾಜನವು ತುದಿ ಮುರಿದು ಕಮ್ಮಾರನ ಕೊಟ್ಟಿಗೆಯಲ್ಲಿ ಬಿದ್ದಿವೆ ಎನ್ನುವ ಅರ್ಥ. ಹೊಗಳಿದ ಹಾಗೆಯೂ ಆಯಿತು, ಯುದ್ಧ ಮಾಡಿದ್ದು ಯಾರು ಎಂದು ತಿಳಿಸಿದ ಹಾಗೆಯೂ ಆಯಿತು.

“ನೀವು ವರ್ಕ್‌ಶಾಪಿನವರು, ನಿಮಗೆ ಅರ್ಥವಾಗುತ್ತದೆ” ಎಂದರು ವಾದ್ಯಾರ್. ರಿಪೇರಿಗೆ ಬಂದ ಸಾಮಾನೇ ಕೆಲಸ ಮಾಡಿದ ಸಾಮಾನು. ಅದು ನನಗೆ ಗೊತ್ತು.

ಆಮೇಲೆ ಅವರು ಸಲ್ಮಾ ಎಂಬ ತಮಿಳು ಕವಿಯ ಬಗ್ಗೆ ಹೇಳಿದರು. ತಿರುಚ್ಚಿ ಜಿಲ್ಲೆಯ ತುವರಂಕುರಿಚಿಯವರು, 1968ರಲ್ಲಿ ಹುಟ್ಟಿದವರು. ದೊಡ್ಡವಳಾದಳೆಂದು ಮನೆಯವರು ಶಾಲೆ ಬಿಡಿಸಿ ಒಳಗೆ ಕೂರಿಸಿದರು. ಮದುವೆಯಾದ ಮೇಲೂ ತುಂಡು ಕಾಗದಗಳಲ್ಲಿ ಗುಟ್ಟಾಗಿ ಬರೆದು, ತಾಯಿಯ ಮೂಲಕ ಹೊರಗೆ ಕಳಿಸಿದರು. ಸಲ್ಮಾ ಎನ್ನುವುದು ಗುರುತು ಸಿಗದಿರಲಿ ಎಂದು ಇಟ್ಟುಕೊಂಡ ಹೆಸರು. ಆಮೇಲೆ ಅವರೇ ತಮ್ಮ ಊರಿನ ಪಂಚಾಯತ್ ಅಧ್ಯಕ್ಷೆಯಾದರು.

ತುಂಡು ಕಾಗದ ಎಂದ ಕೂಡಲೇ ನನಗೆ ಅಕ್ಕ ನೆನಪಾದಳು. ನನ್ನ ಸ್ವಂತ ಅಕ್ಕ.

ಉಪ್ಪಿನಂಗಡಿಯಲ್ಲಿ ಉಪ್ಪನದ್ದು ಜೀನಸಿನ ಅಂಗಡಿ. ಸಕ್ಕರೆ, ಬೇಳೆ, ಮೆಣಸು ಕಟ್ಟಲಿಕ್ಕೆ ಹಳೆ ಪೇಪರು, ವಾರಪತ್ರಿಕೆಗಳನ್ನು ಕಿಲೋ ಲೆಕ್ಕದಲ್ಲಿ ತರುತ್ತಿದ್ದರು. ತರಂಗ, ಸುಧಾ, ಮಂಗಳ ಎಲ್ಲ ಬರುತ್ತಿತ್ತು. ಶಾಲೆ ಬಿಟ್ಟು ಬಂದ ಮೇಲೆ ಪುಟ ಹರಿದು ಅಡಕಿ ಇಡುವುದು ನನ್ನ ಕೆಲಸ. ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕ ಪಕ್ಕದಲ್ಲಿ ಕೂತು, “ಮೋನು, ಆ ಪುಟ ಈಗ ಹರಿಯಬೇಡ, ಓದಿ ಕೊಡುತ್ತೇನೆ” ಎನ್ನುತ್ತಿದ್ದಳು. ಧಾರಾವಾಹಿಯ ನಾಲ್ಕನೇ ಕಂತು ಸಿಕ್ಕಿದರೆ ಐದನೆಯದು ಸಿಗುತ್ತಿರಲಿಲ್ಲ. ಉಳಿದದ್ದನ್ನು ಅವಳೇ ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಅವಳನ್ನು ಸತಾಯಿಸಲಿಕ್ಕೆಂದೇ ನಾನು ಕೆಲವು ಪುಟಗಳನ್ನು ಬೇಗ ಹರಿಯುತ್ತಿದ್ದೆ. ಅದು ನನಗೆ ಆಟ.

ಹತ್ತನೇ ತರಗತಿಯಲ್ಲಿರುವಾಗ ಅವಳ ಟೀಚರು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕೊಟ್ಟಿದ್ದರು. 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ. ಬರೆದವರು ಕಾಸರಗೋಡಿನ ಚಂದ್ರಗಿರಿ ಹೊಳೆಯ ಕಡೆಯವರು. 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ತೀರಿಕೊಂಡಾಗ ನಮ್ಮಲ್ಲಿ ಹಲವರು ಸ್ಟೇಟಸ್ ಹಾಕಿದೆವು. ಎಷ್ಟು ಜನ ಓದಿದ್ದೆವೋ, ಅವರವರಿಗೇ ಗೊತ್ತು.

ಉಮ್ಮನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಇಶಾ ನಮಾಝ್ ಮುಗಿಸಿ ಉಪ್ಪ ಅಂಗಡಿ ಮುಚ್ಚಿ ಬರುವವರೆಗೆ ಅಕ್ಕ ಅಡುಗೆಮನೆಯಲ್ಲಿ ಕೂತು ಆ ಪುಸ್ತಕವನ್ನು ಓದಿ ಹೇಳುತ್ತಿದ್ದಳು. ಕಣ್ಣು ಕನ್ನಡದ ಮೇಲೆ, ಬಾಯಲ್ಲಿ ಬರುವುದು ಬ್ಯಾರಿ. ಒಂದು ವಾಕ್ಯಕ್ಕೂ ತಡೆಯುತ್ತಿರಲಿಲ್ಲ. ಒಂದು ರಾತ್ರಿ ಇಬ್ಬರೂ ಅಳುತ್ತಿದ್ದರು. ಉಪ್ಪ ಗಾಬರಿಯಾಗಿ ಏನಾಯಿತೆಂದು ಕೇಳಿದರೆ ಉಮ್ಮ “ಏನಿಲ್ಲ” ಎಂದರು. ನಾದಿರಾಳಿಗೆ ಅಳುತ್ತಿದ್ದರು ಎಂದು ನನಗೆ ಗೊತ್ತಾದದ್ದು ಬಹಳ ವರ್ಷದ ನಂತರ. ಆಗ ನಾನು ಚಾವಡಿಯಲ್ಲಿ ಕೂತು ಲೆಕ್ಕ ಮಾಡುತ್ತಿದ್ದೆ. ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ನಾಲ್ಕು ಹೆಜ್ಜೆ ಇಟ್ಟಿದ್ದರೆ ನಾನೂ ಕೇಳಬಹುದಿತ್ತು. ಹೆಂಗಸರ ಕಥೆ ಎಂದು ಎದ್ದು ಹೋಗಲಿಲ್ಲ.

ಹಾಡಿನ ವಿಷಯವೂ ಹಾಗೆಯೇ. ನಮ್ಮ ಮದುವೆಗಳಲ್ಲಿ ದಫ್, ಕೋಲ್ಕಲಿ ಗಂಡಸರದ್ದು, ಮೈಲಾಂಜಿ ಪಾಟ್, ಒಪ್ಪನೆ ಪಾಟ್ ಹೆಂಗಸರದ್ದು. ‘ಬ್ಯಾರಿ’ ಸಿನಿಮಾಕ್ಕೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂದ 2012ರಲ್ಲಿ ಒಂದು ಮದುವೆಗೆ ಹೋಗಿದ್ದೆವು. ಚಪ್ಪರದಲ್ಲಿ ನಾವು ಗಂಡಸರು ಎರಡು ಗಂಟೆ ಚರ್ಚೆ ಮಾಡಿದೆವು. ನಮ್ಮ ಭಾಷೆಯ ಸಿನಿಮಾ ನಮ್ಮನ್ನು ಸರಿಯಾಗಿ ತೋರಿಸಿದೆಯೋ ಇಲ್ಲವೋ ಎಂದು. ಕಥೆ ತಲಾಕಿನದ್ದು, ನೋವು ತಿನ್ನುವವಳು ಹೆಣ್ಣು. ಒಳಗಿದ್ದ ಒಬ್ಬ ಹೆಂಗಸನ್ನಾದರೂ ನಾವು ಕೇಳಿದೆವಾ? ಅದೇ ಹೊತ್ತಿಗೆ ಒಳಗೆ ಉಮ್ಮ ಹಾಡುತ್ತಿದ್ದರು. ನಮ್ಮ ಚರ್ಚೆ ಕೇಳುವುದಿಲ್ಲ ಎಂದು ನಾನೇ ಹೋಗಿ ಆ ಕಡೆಯ ಬಾಗಿಲು ಹಾಕಿ ಬಂದೆ.

ಉಮ್ಮ 2019ರಲ್ಲಿ ತೀರಿಹೋದರು. ಅವರ ಹಾಡು ಒಂದೂ ನನ್ನಲ್ಲಿ ಇಲ್ಲ. ಕಿಸೆಯಲ್ಲಿ ಯಾವಾಗಲೂ ಮೊಬೈಲ್ ಇತ್ತು, ಕಂಪ್ರೆಸರ್‌ನ ಶಬ್ದವನ್ನು ರೆಕಾರ್ಡ್ ಮಾಡಿ ಕಂಪನಿಗೆ ಕಳಿಸಿದ್ದೇನೆ, ಉಮ್ಮನ ದನಿಯನ್ನು ಮಾಡಲಿಲ್ಲ. ಈಗ ಅಕ್ಕನಿಗೆ ಅರ್ಧ ಬರುತ್ತದೆ. ಉಳಿದರ್ಧ ಹೋಯಿತು.

ಎಸ್ಸೆಸ್ಸೆಲ್ಸಿಯಲ್ಲಿ ಅಕ್ಕನಿಗೆ 78 ಪರ್ಸೆಂಟ್, ನನಗೆ 61. ಅವಳ ಓದು ಅಲ್ಲಿಗೆ ನಿಂತಿತು. ನನ್ನನ್ನು ಉಪ್ಪ ಸಾಲ ಮಾಡಿ ಡಿಪ್ಲೊಮಾಕ್ಕೆ ಕಳಿಸಿದರು. ಉಪ್ಪ ಕೆಟ್ಟವರಲ್ಲ. ಆಗ ಹಾಗೆಯೇ ಇತ್ತು ಎಂದು ನಾವೆಲ್ಲ ಹೇಳುತ್ತೇವೆ. ನಾನೂ ಹೇಳುತ್ತಾ ಬಂದಿದ್ದೆ.

ಈಗ ವಿಷಯ ಏನೆಂದರೆ, ಅಕ್ಕನ ಮಗಳು ಈ ವರ್ಷ ಪಿಯುಸಿ ಮುಗಿಸಿದಳು. ಬಿಎ ಮಾಡಬೇಕು, ಕನ್ನಡ ತೆಗೆದುಕೊಳ್ಳಬೇಕು ಎಂದು ಅವಳಿಗೆ ಆಸೆ. ಅದೇ ಹೊತ್ತಿಗೆ ಒಂದು ಸಂಬಂಧವೂ ಬಂದಿತ್ತು. ಏಪ್ರಿಲ್‌ನಲ್ಲೇ ಅಕ್ಕ ಫೋನ್ ಮಾಡಿ, “ನಿನ್ನ ಭಾವನ ಹತ್ತಿರ ನೀನೊಮ್ಮೆ ಮಾತಾಡು, ನಾನು ಹೇಳಿದರೆ ಜಗಳವಾಗುತ್ತದೆ” ಎಂದಿದ್ದಳು. ನಾನು “ನೋಡೋಣ” ಎಂದಿದ್ದೆ. ನಮ್ಮಲ್ಲಿ ‘ನೋಡೋಣ’ ಎಂದರೆ ಏನೆಂದು ನಿಮಗೆ ಗೊತ್ತಲ್ಲ.

ಆ ರಾತ್ರಿ ರೂಮಿಗೆ ಹೋಗಿ ಮೊದಲು ಅಕ್ಕನಿಗೆ ಫೋನ್ ಮಾಡಿದೆ. ಬೂಕರ್ ಸುದ್ದಿ ಹೇಳಿದೆ. ಅವಳಿಗೆ ಬೆಳಿಗ್ಗೆಯೇ ಗೊತ್ತಿತ್ತು. ಬಹುಮಾನದ ಹಣ ಬರೆದವರಿಗೂ ಅನುವಾದ ಮಾಡಿದವರಿಗೂ ಸರಿಪಾಲು ಎಂದೂ ಓದಿದ್ದಳು. “ಹಾಗಾದರೆ ಉಮ್ಮ ನಿನಗೆ ಅರ್ಧ ಕೊಡಬೇಕಿತ್ತು” ಎಂದೆ. ಅವಳಿಗೆ ಕೂಡಲೇ ಅರ್ಥವಾಯಿತು. ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. “ನಿನಗೆ ಅದು ಕೇಳಿಸುತ್ತಿತ್ತಾ ಮೋನು?” ಎಂದಳು. ಏನು ಹೇಳುವುದೆಂದು ತೋಚಲಿಲ್ಲ. ಭಾವನಿಗೆ ಫೋನ್ ಕೊಡಲು ಹೇಳಿದೆ.

ಭಾವ ಒಳ್ಳೆಯ ಮನುಷ್ಯ, ಬಸ್ ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಅಂಗಡಿ. ಬಯ್ಯಲಿಲ್ಲ. “ಕಥೆ ಪುಸ್ತಕ ಓದಿ ಮುಂದೆ ಏನು ಮಾಡುತ್ತಾಳೆ, ಹೇಳು” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಬಿಎ ಮಾಡಿದ ಎಷ್ಟೋ ಹುಡುಗರು ನಮ್ಮ ಪೇಟೆಯಲ್ಲೇ ಖಾಲಿ ಇದ್ದಾರೆ.

“ಗೊತ್ತಿಲ್ಲ ಭಾವ” ಎಂದೆ. “ಆದರೆ 61 ಪರ್ಸೆಂಟ್ ತಂದ ನನ್ನನ್ನು ಡಿಪ್ಲೊಮಾ ಮಾಡಿ ಏನು ಮಾಡುತ್ತೀ ಎಂದು ಯಾರೂ ಕೇಳಲಿಲ್ಲ. 78 ತಂದ ಅಕ್ಕನಿಗೆ ಕೇಳಿದರು. ಮೊದಲ ವರ್ಷದ ಫೀಸು ನಾನು ಕೊಡುತ್ತೇನೆ. ಸಂಬಂಧದವರಿಗೆ ಸ್ವಲ್ಪ ಕಾಯಲು ಹೇಳಿ ನೋಡಿ.”

“ಅವರು ಕಾಯದಿದ್ದರೆ?”

ಅದಕ್ಕೂ ನನ್ನಲ್ಲಿ ಉತ್ತರ ಇರಲಿಲ್ಲ. ಅವರೇ ಕೊನೆಗೆ, “ಫೀಸಿನ ಮಾತು ಬೇಡ, ಅಷ್ಟು ನನ್ನಿಂದ ಆಗುತ್ತದೆ” ಎಂದು ಫೋನ್ ಇಟ್ಟರು. ಸಿಟ್ಟೋ ಒಪ್ಪಿಗೆಯೋ ಎರಡು ವಾರ ಗೊತ್ತಾಗಲಿಲ್ಲ. ಬಕ್ರೀದಿಗೆ ಊರಿಗೆ ಹೋದಾಗ ಕಾಲೇಜಿನ ಅರ್ಜಿ ಮೇಜಿನ ಮೇಲಿತ್ತು, ಭಾವನ ಸಹಿಯೂ ಇತ್ತು. ಸಂಬಂಧದವರು ಕಾಯಲಿಲ್ಲ. ಅದರ ಬಗ್ಗೆ ಭಾವ ಈಗಲೂ ನನ್ನ ಹತ್ತಿರ ಮಾತಾಡುವುದಿಲ್ಲ. ಅಕ್ಕನ ಮಗಳು ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ.

ಹೊರಡುವಾಗ ಅವಳು ಬಾನು ಮುಷ್ತಾಕ್ ಅವರ ಕಥೆಗಳ ಪುಸ್ತಕವನ್ನು ನನ್ನ ಬ್ಯಾಗಿಗೆ ಹಾಕಿದಳು. “ಮಾಮ, ಓದಿ ವಾಪಸ್ ಕೊಡಬೇಕು. ಪೊಟ್ಟಣ ಕಟ್ಟಬಾರದು” ಎಂದಳು. ಅವಳ ಉಮ್ಮ ಎಲ್ಲ ಹೇಳಿದ್ದಾಳೆ.

ಈಗ ಸಂಜೆ ಲಾರಿ ಕಡಿಮೆ ಇದ್ದ ದಿನ ಟೀ ಅಂಗಡಿಯಲ್ಲಿ ನಾನು ಒಂದೊಂದು ಕಥೆ ಓದುತ್ತೇನೆ. ಅಕ್ಕನಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಅಕ್ಷರ ಬರುವುದಿಲ್ಲ, ಅದಕ್ಕೆ ಜೋರಾಗಿಯೇ ಓದಬೇಕು. ಲೇತ್ ಹುಡುಗನಿಗೆ ತಿಳಿಯದ ಕಡೆ ಅವರೇ ತಮಿಳಿನಲ್ಲಿ ಹೇಳುತ್ತಾರೆ. ನನ್ನ ಓದು ನಿಧಾನ, ನಡುವೆ ತಡವರಿಸುತ್ತೇನೆ. ಮೊನ್ನೆ ಒಂದು ಕಡೆ ನಿಲ್ಲಿಸಿ ಕೈ ಒರೆಸಿಕೊಳ್ಳುತ್ತಿದ್ದೆ. ಅಕ್ಕ ಸ್ಟವ್ ಸಣ್ಣ ಮಾಡಿ, “ಗ್ರೀಸ್ ಕೈ ಆಮೇಲೆ ತೊಳಿ, ಅವಳಿಗೆ ಏನಾಯಿತು, ಮೊದಲು ಅದು ಹೇಳು” ಎಂದರು.