ಕೆರೆಯಂಚಿನ ಜೊಂಡು ಮತ್ತು ಅಭಯದಾನ

ಐದನೆಯ ತೀರ್ಥಂಕರರಾದ ಶ್ರೀ ಸುಮತಿನಾಥ ಸ್ವಾಮಿಯ ಲಾಂಛನ ದಿಗಂಬರ ಆಮ್ನಾಯದಲ್ಲಿ ಚಕ್ರವಾಕ ಪಕ್ಷಿ. ಲಡಾಖ್, ಟಿಬೆಟ್‌ಗಳ ಎತ್ತರದ ಸರೋವರಗಳ ಬಳಿ ಮರಿಮಾಡುವ ಈ ಬಾತು ದಕ್ಷಿಣಕ್ಕೆ ಚಳಿಗಾಲದ ಅತಿಥಿ ಮಾತ್ರ. ಅದರ ಬಂಧುವೊಂದು ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯಂತಹ ಕೆರೆಸೀಮೆಯಲ್ಲಿಯೇ ಹುಟ್ಟಿ ಬಾಳುತ್ತದೆ. ಅದು ಚುಕ್ಕೆಕೊಕ್ಕಿನ ಬಾತು.

ಈ ಹಕ್ಕಿಯ ಉದ್ದ ಸುಮಾರು 60 ಸೆಂ.ಮೀ. ಕಂದು ಗರಿಗಳಿಗೆ ಮಾಸಲು ಬಿಳಿಯ ಅಂಚಿರುವುದರಿಂದ ಮೈಯೆಲ್ಲ ಹುರುಪೆಹುರುಪೆಯಾಗಿ ಕಾಣುತ್ತದೆ. ಕರಿಯ ಕೊಕ್ಕಿನ ತುದಿ ಹಳದಿ; ಗಂಡಿನ ಕೊಕ್ಕಿನ ಬುಡದಲ್ಲಿ ಎರಡು ಕೆಂಪು ಚುಕ್ಕೆಗಳು. ಕಾಲುಗಳು ಕೆಂಗಿತ್ತಳೆ. ಹಾರುವಾಗ ರೆಕ್ಕೆಯ ಹಸಿರು ಪಟ್ಟಿ ಹೊಳೆಯುತ್ತದೆ. ಸಾಮಾನ್ಯವಾಗಿ ಜೋಡಿಯಾಗಿಯೋ ಸಣ್ಣ ಗುಂಪಾಗಿಯೋ ಇರುತ್ತದೆ.

ಇದು ಆಳಕ್ಕೆ ಮುಳುಗಿ ಮೇಯುವ ಹಕ್ಕಿಯಲ್ಲ. ತಲೆಯನ್ನು ನೀರಿಗಿಳಿಸಿ, ಬಾಲವನ್ನು ಮೇಲೆತ್ತಿ, ಕತ್ತು ಎಟಕುವಷ್ಟು ಆಳದಲ್ಲಿರುವ ಸಸ್ಯ, ಬೀಜಗಳನ್ನು ತಿನ್ನುತ್ತದೆ. ನೀರಂಚಿನ ಹುಲ್ಲು ಜೊಂಡುಗಳ ಮರೆಯಲ್ಲಿ ನೆಲದ ಮೇಲೆಯೇ ಗೂಡು ಕಟ್ಟಿ 8ರಿಂದ 14 ಮೊಟ್ಟೆಗಳನ್ನಿಡುತ್ತದೆ. ಹೆಣ್ಣು ಸುಮಾರು 24 ದಿನ ಕಾವು ಕೊಡುತ್ತದೆ. ದಕ್ಷಿಣದಲ್ಲಿ ಇದರ ಮುಖ್ಯ ಕಾಲ ನವೆಂಬರ್, ಡಿಸೆಂಬರ್. ಆದರೂ ನೀರಿನ ಅನುಕೂಲದಂತೆ ಹಿಂದುಮುಂದಾಗುವುದುಂಟು. ಸಂತಾನಕಾಲ ಮುಗಿದ ಬಳಿಕ ರೆಕ್ಕೆಯ ದೊಡ್ಡ ಗರಿಗಳು ಒಮ್ಮೆಲೇ ಉದುರುತ್ತವೆ. ಹೊಸ ಗರಿ ಬರುವವರೆಗೆ ಹಾರಲಾರದ ಈ ಜೀವಕ್ಕೆ ಜೊಂಡೇ ಶರಣು.

ಜೀವನದಿಯಿಲ್ಲದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಕೆರೆಯ ಹೂಳೆತ್ತಿಸುವುದು ಪುಣ್ಯಕಾರ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ದಂಡೆಯಿಂದ ದಂಡೆಗೆ ಕಡಿದಾಗಿ ತೋಡಿ, ಜೊಂಡನ್ನೆಲ್ಲ ಕಿತ್ತು ‘ಸ್ವಚ್ಛ’ಗೊಳಿಸಿದರೆ ನೀರು ನಿಂತೀತು, ಬಾತು ನಿಲ್ಲದು. ನೀರನ್ನು ಸೋಸಿ ಕುಡಿಯುವ ಮನೆತನಗಳೂ ಆ ನೀರಿನ ದಡದತ್ತ ಕಣ್ಣು ಹಾಯಿಸುವುದು ಅಪರೂಪ! 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಾತಿನ ಬೇಟೆಯನ್ನು ತಡೆಯುತ್ತದೆ. ದಾನಿಯ ಹಣದಿಂದ ನಡೆಯುವ ಅಜಾಗರೂಕ ಕೆಲಸವನ್ನು ಬೇಟೆಯೆಂದು ಯಾರೂ ಕರೆಯರು. ತತ್ತ್ವಾರ್ಥಸೂತ್ರವಾದರೋ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಡುತ್ತದೆ. ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ಣವಾಗಿ ತಪ್ಪದು, ನಿಜ. ತಿಳಿದು ತಪ್ಪಿಸಬಹುದಾದುದನ್ನು ಆ ಲೆಕ್ಕಕ್ಕೆ ಬರೆಯುವುದು ಸುಳ್ಳು ಜಮಾಖರ್ಚು.

ಕೆರೆಗೆ ದ್ರವ್ಯ ಕೊಡುವ ಬಸದಿ ಟ್ರಸ್ಟುಗಳು ಠರಾವಿನಲ್ಲಿಯೇ ಎರಡು ಮಾತು ಸೇರಿಸಬಹುದು: ಒಂದು ಬದಿಯ ದಂಡೆ ಇಳಿಜಾರಾಗಿ, ಜೊಂಡುಸಹಿತ ಉಳಿಯಲಿ, ಗೂಡಿಲ್ಲವೆಂದು ನೋಡಿದ ಮೇಲೆಯೇ ಯಂತ್ರ ಇಳಿಯಲಿ. ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಆಗ ಆ ದ್ರವ್ಯ ಚತುರ್ವಿಧ ದಾನಗಳಲ್ಲಿ ಅಭಯದಾನವೂ ಆಗುತ್ತದೆ. ಮೊಟ್ಟೆಯೊಡೆದ ಮರಿಗಳು ಬಹುಬೇಗ ತಾಯಿಯ ಹಿಂದೆ ಸಾಲಾಗಿ ನಡೆದು ನೀರಿಗಿಳಿಯುತ್ತವೆ. ಅವು ಇಳಿಯುವುದು ಆ ಇಳಿಜಾರಿನಲ್ಲಿಯೇ.