ಫ್ರೇಮಿಗೆ ಸುತ್ತಳತೆ, ಗಾಜಿಗೆ ವಿಸ್ತೀರ್ಣ

ನಾವು ನಾಲ್ವರು ಒಂದೇ ಹಾಸ್ಟೆಲಿನವರು. ಊರು ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು. ಉಳಿದವರಿಗೆ ನಾವೆಲ್ಲ ಒಂದೇ, "ಹಾವೇರಿ ಕಡೆಯವರು". ಇಂಗ್ಲಿಷ್ ಮೀಡಿಯಂನಲ್ಲಿ ಕಲಿತ ನಮಗೆ ಆಯತ ಅಂದ್ರೆ ಎಲ್ ಇಂಟು ಬಿ, ಟೂ ಇಂಟು ಎಲ್ ಪ್ಲಸ್ ಬಿ. ಮಾರ್ಕ್ಸ್ ಬಂತು, ಮುಗೀತು. ಎರಡು ಸೂತ್ರಗಳ ನಡುವೆ ಜಗಳ ಇರುತ್ತೆ ಅಂತ ಯಾವ ಪುಸ್ತಕವೂ ಹೇಳಿರಲಿಲ್ಲ.

ಹೋದ ದೀಪಾವಳಿ ರಜೆಯಲ್ಲಿ ನಮ್ಮ ಹಿರೇಕೆರೂರಿನವನ ಅಜ್ಜನ ಫೋಟೋ ಕಟ್ಟಿಸಬೇಕಿತ್ತು. ಅಜ್ಜ ತೀರಿಕೊಂಡು ಆಗ ಮೂರು ತಿಂಗಳು. ಫೋಟೋ 12 ಇಂಚು ಅಗಲ, 18 ಇಂಚು ಎತ್ತರ. ಅಂಗಡಿಯವರು ಪಟ್ಟಿಗೆ ಅಡಿ ಲೆಕ್ಕ, ಗಾಜಿಗೆ ಚದರಡಿ ಲೆಕ್ಕ ಹಾಕಿದರು. ಫೋಟೋದ ಸುತ್ತಳತೆ 60 ಇಂಚು. ಸುತ್ತ 1 ಇಂಚಿನ ಪಟ್ಟಿ ಬಂದರೆ ಹೊರಗಿನ ಅಳತೆ 14 ಮತ್ತು 20. ಮೂಲೆಗಳನ್ನು 45 ಡಿಗ್ರಿಗೆ ಕೊಯ್ಯಬೇಕಾದ್ದರಿಂದ ಪಟ್ಟಿ 68 ಇಂಚು ಬೇಕು. ಫ್ರೇಮಿನ ವಿಸ್ತೀರ್ಣ ಮಾತ್ರ 280ರಲ್ಲಿ 216 ಕಳೆದು 64 ಚದರ ಇಂಚು. ಶಿಗ್ಗಾವಿಯವನು ಸಿವಿಲ್. ಪಟ್ಟಿಯ ನಡುಗೆರೆ ಹಿಡಿ, 13 ಮತ್ತು 19, ಸುತ್ತಳತೆ 64, ಅದನ್ನು ಅಗಲದಿಂದ ಗುಣಿಸು, ಅದೇ ಉತ್ತರ ಅಂದ. ಗೋಡೆಗೆ ಹಾಕೋ ಸೆಂಟರ್ ಲೈನ್ ಮೆಥಡ್ಡೂ ಇದೇ ಅಂತೆ.

ಅದೇ ವಾರ ಆ ಮನೆಯಲ್ಲಿ ಹೊಲದ ಪಾಲಿನ ಮಾತು ಬಂತು. ಚೌಕಾಕಾರದ 10 ಎಕರೆ, ಒಂದು ಬದಿಗೆ ಮಾತ್ರ ರಸ್ತೆ. ನಾಲ್ಕು ಪಾಲು: ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ, ಅತ್ತೆ. (ಹೆಣ್ಣುಮಕ್ಕಳಿಗೆ ಸಮಪಾಲು ಕೊಡೋ ಕಾನೂನು 2005ರಿಂದ ಇದೆ. ಊರ ಕಟ್ಟೆಗೆ ಇನ್ನೂ ತಲುಪಿಲ್ಲ ಅನ್ನೋದು ಬೇರೆ ಮಾತು.)

ನಮ್ಮ ಕಡೆ 33 ಅಡಿ ಉದ್ದ, 33 ಅಡಿ ಅಗಲ ಅಂದ್ರೆ 1 ಗುಂಟೆ. 40 ಗುಂಟೆಗೆ 1 ಎಕರೆ. ಹಾಗಾಗಿ 10 ಎಕರೆ ಚೌಕದ ಒಂದು ಬದಿ ಸರಿಯಾಗಿ 660 ಅಡಿ. ನಾಲ್ಕು ಚೌಕ ಮಾಡಿದರೆ ತಲಾ 330 ಅಡಿ ಬದಿ, ಸುತ್ತಳತೆ 1320. ರಸ್ತೆಯಿಂದ ಹಿಂದಕ್ಕೆ ಉದ್ದುದ್ದ ಪಟ್ಟಿ ಮಾಡಿದರೆ 165ಕ್ಕೆ 660, ಸುತ್ತಳತೆ 1650. ಎರಡರಲ್ಲೂ ಉತಾರದಲ್ಲಿ ಬರೋದು ಒಂದೇ, 2 ಎಕರೆ 20 ಗುಂಟೆ. ಸುತ್ತಳತೆಗೆ ಉತಾರದಲ್ಲಿ ಕಾಲಮ್ಮೇ ಇಲ್ಲ! ಆದರೆ ಬೇಲಿಯ ತಂತಿ ಕೊಳ್ಳೋದು ಅದರ ಮೇಲೇನೇ. ಸವಣೂರಿನವನ ಮನೇದು ಎಲೆತೋಟ, ಈ ಸಂಗತಿ ಅವನಿಗೆ ಹೇಳಿಕೊಡೋದೇ ಬೇಕಿರಲಿಲ್ಲ.

ಬದುವೂ ಒಂದು ಫ್ರೇಮೇ. ಪ್ರತಿಯೊಬ್ಬರೂ ಒಳಗೆ 3 ಅಡಿ ಬದು ಬಿಟ್ಟರೆ ಚೌಕದಲ್ಲಿ 3924 ಚದರಡಿ ಹೋಗುತ್ತೆ, ಪಟ್ಟಿಯಲ್ಲಿ 4914. ಅಂದ್ರೆ ನಾಲ್ಕೂವರೆ ಗುಂಟೆ ಬಿತ್ತೋಕೆ ಸಿಗಲ್ಲ. ಚೌಕವೇ ಲಾಭ ಅಂತ ನಾವು ಹಾಳೆ ಮೇಲೆ ಬರೆದು ತೋರಿಸಿದೆವು. ಚೌಕ ಮಾಡಿದರೆ ಇಬ್ಬರಿಗೆ ರಸ್ತೆ ಇಲ್ಲ. ಅತ್ತೆ ಹಾಳೆ ನೋಡಿ, "ಬೇಲಿ ಖರ್ಚು ಆದ್ರ ಆಗಲಿ. ಮಂದಿ ಹೊಲ ತುಳಕೊಂಡು ನಾ ನನ್ನ ಹೊಲಕ್ಕ ಹೋಗೂದಿಲ್ಲ" ಅಂದರು. ಆ ಮಾತಿಗೆ ನಮ್ಮ ಯಾವ ಸೂತ್ರದಲ್ಲೂ ಜಾಗ ಇರಲಿಲ್ಲ, ಆದರೂ ಅದೇ ಸರಿ ಅನ್ನಿಸಿತು.

ಹಾನಗಲ್ಲಿನವನಿಗೆ ಶಾಸನಗಳ ಹುಚ್ಚು. ಮತ್ತರು, ಕಮ್ಮ ಅಂತ ಭೂಮಿ ಅಳೆದವರು ನಾವು, 12ನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ 'ಕ್ಷೇತ್ರಗಣಿತ' ಬರೆದಿದ್ದಾನೆ ಅಂತ ಅಲ್ಲೂ ಶುರು ಮಾಡಿದ. ಪಾಲಿನ ಮಾತು ನಡೆದಿರುವಾಗ ಯಾರು ಕೇಳ್ತಾರೆ!

ಕೊನೆಗೆ ಪಟ್ಟಿಗಳೇ ಆದವು. ನಾವು ಒಂದೇ ಒಂದು ಉಪಾಯ ಹೇಳಿದೆವು: ಅಕ್ಕಪಕ್ಕದವರು ತಲಾ ಒಂದೂವರೆ ಅಡಿ ಬಿಟ್ಟು ಒಂದೇ ಬದು ಹಂಚಿಕೊಂಡರೆ, ಪ್ರತಿ ಬದುವಿಗೆ 1962 ಚದರಡಿ ಉಳಿಯುತ್ತೆ, ಹೆಚ್ಚುಕಮ್ಮಿ 1.8 ಗುಂಟೆ. ಅಪ್ಪ ಮತ್ತು ದೊಡ್ಡಪ್ಪ ಒಪ್ಪಿದರು, ಚಿಕ್ಕಪ್ಪ ಮತ್ತು ಅತ್ತೆಯೂ ಒಪ್ಪಿದರು. ನಡುವಿನ ಬದು ದೊಡ್ಡಪ್ಪ, ಚಿಕ್ಕಪ್ಪಂದು. ಅವರಿಬ್ಬರಿಗೆ ಮಾತಿಲ್ಲ. ಅದು ಇವತ್ತಿಗೂ 6 ಅಡಿ ಅಗಲ ಇದೆ, ಮೇಲೆ ಹುಲ್ಲು ಬೆಳೆದಿದೆ.