ಸರ್ವರಿಗೂ ಆದರದ ಸ್ವಾಗತ

ಬರುವ ಶನಿವಾರ ಸಂಜೆ ನಮ್ಮ ದೊಡ್ಡಬಳ್ಳಾಪುರದ ಕಾಲೇಜೊಂದರಲ್ಲಿ ನಾಟಕವಂತೆ. ಬುಧವಾರ ಇನ್ನೊಂದು ಕಾಲೇಜಿನಲ್ಲಿ ವಿಶೇಷ ಉಪನ್ಯಾಸವಂತೆ. ಎರಡು ಆಹ್ವಾನವೂ ವಾಟ್ಸಾಪಿಗೆ ಬಂದವು. ಎರಡಕ್ಕೂ ಕೈಮುಗಿದ ಚಿತ್ರ ಒತ್ತಿದೆ. ಹಾಗೆ ಒತ್ತಿದ್ದಕ್ಕೆ ‘ಬರುತ್ತೇನೆ’ ಅಂತ ಅರ್ಥವೋ, ‘ಕ್ಷಮಿಸಿ’ ಅಂತ ಅರ್ಥವೋ ಕರೆದವರಿಗೂ ಗೊತ್ತಿಲ್ಲ, ಒತ್ತಿದ ನನಗೂ ಗೊತ್ತಿಲ್ಲ.

ನಾನು ಓದುವಾಗ ಆಹ್ವಾನ ಸೈಕಲ್ ಮೇಲೆ ಬರುತ್ತಿತ್ತು. ಸೈಕಲ್ ನನ್ನದೇ. ಕಾಲೇಜಿನ ಕನ್ನಡ ಸಂಘಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದ್ದು ನನ್ನ ಕನ್ನಡ ನೋಡಿ ಅಂತ ಬಹಳ ದಿನ ನಂಬಿದ್ದೆ. ಟೈರು ಪಂಚರಾದ ವಾರ ಮೇಷ್ಟ್ರು ಇನ್ನೊಬ್ಬ ಸಹಕಾರ್ಯದರ್ಶಿಯನ್ನು ನೇಮಿಸಿದಾಗ ಸತ್ಯ ತಿಳಿಯಿತು. ಮೊಳೆ ಜೋಡಿಸುವ ಮುದ್ರಣಾಲಯದಿಂದ ಕಾರ್ಡುಗಳ ಕಟ್ಟು ತರುವುದು, ವಿಳಾಸ ಬರೆಯುವುದು, ಮನೆ ಮನೆಗೆ ಮುಟ್ಟಿಸುವುದು ನನ್ನ ಸಾಹಿತ್ಯ ಸೇವೆ. ಒಂದು ಸಲ ‘ವಿಶೇಷ ಉಪನ್ಯಾಸ’ ಎನ್ನುವುದು ‘ವಿಶೇಷ ಉಪವಾಸ’ ಎಂದು ಅಚ್ಚಾಗಿ ಬಂತು. ಅದರ ಕೆಳಗೇ ‘ಲಘು ಉಪಾಹಾರದ ವ್ಯವಸ್ಥೆ ಇರುತ್ತದೆ’. ತಿದ್ದಿಸಲು ದುಡ್ಡಿರಲಿಲ್ಲ, ಹಾಗೇ ಹಂಚಿದೆವು. ಆ ವರ್ಷ ಅತಿ ಹೆಚ್ಚು ಜನ ಬಂದದ್ದು ಅದಕ್ಕೇ.

ಆಹ್ವಾನ ಪತ್ರಿಕೆಗೆ ಅದರದೇ ಶಾಸ್ತ್ರ ಉಂಟು. ಅಧ್ಯಕ್ಷತೆ, ಉದ್ಘಾಟನೆ, ದಿವ್ಯ ಸಾನ್ನಿಧ್ಯ, ಘನ ಉಪಸ್ಥಿತಿ, ಮುಖ್ಯ ಅತಿಥಿಗಳು ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದರೆ ಕೊನೆಗೆ, ವಂದನಾರ್ಪಣೆಗೆ ಸ್ವಲ್ಪ ಮೇಲೆ, ಸಣ್ಣ ಅಕ್ಷರದಲ್ಲಿ ಉಪನ್ಯಾಸಕರ ಹೆಸರು. ಮನೆಯಲ್ಲಿ ಉಳಿದ ಕಾರ್ಡನ್ನು ಅಪ್ಪ ಕೈಗೆತ್ತಿಕೊಂಡು ಒಳಗಿನ ಒಂದಕ್ಷರವನ್ನೂ ಓದದೆ ಹೆಬ್ಬೆರಳಿನಿಂದ ಬಗ್ಗಿಸಿ ನೋಡುತ್ತಿದ್ದರು. ಮಗ್ಗದ ಜಕಾರ್ಡಿಗೆ ತೂತು ಹೊಡೆಯುವ ರಟ್ಟು ನೋಡಿ ಬೆಳೆದ ಕೈ. “ತೆಳು. ಇದು ತಡೆಯಲ್ಲ” ಎನ್ನುತ್ತಿದ್ದರು. ಎಷ್ಟೋ ಭಾಷಣಗಳ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಓದಿಲ್ಲ.

ನಮ್ಮದು ಮಗ್ಗದ ಊರು. ಬೀದಿಗೆ ಕಾಲಿಟ್ಟರೆ ಸಾಕು, ಗೋಡೆಯ ಆಚೆಯಿಂದ ಲಟಕ್ ಪಟಕ್ ಎಂದು ವಿದ್ಯುತ್ ಮಗ್ಗಗಳ ಸದ್ದು. ಸಭೆ ಮಾಡುವವರಿಗೆ ಇಲ್ಲೊಂದು ಬಿಡಿಸಲಾಗದ ಗಂಟು. ಕರೆಂಟು ಇದ್ದರೆ ನೇಕಾರ ಮಗ್ಗ ಬಿಟ್ಟು ಕದಲುವುದಿಲ್ಲ. ಕರೆಂಟು ಹೋದರೆ ನೇಕಾರನಿಗೆ ಪುರುಸೊತ್ತು, ಆದರೆ ಮೈಕು ಸತ್ತಿರುತ್ತದೆ. ಕೇಳುವವರು, ಕೇಳಿಸುವುದು, ಎರಡೂ ಒಟ್ಟಿಗೆ ಕೂಡಿಬರುವ ಮುಹೂರ್ತ ನಮ್ಮ ಪಂಚಾಂಗದಲ್ಲಿ ಇರಲಿಲ್ಲ.

ಹಾಗೆಂದು ಊರಿಗೆ ಮಾತಿನ ರುಚಿ ಇಲ್ಲ ಅನ್ನಬೇಡಿ. 1954ರಲ್ಲಿ ಇಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿದ ವಿಮರ್ಶಕ ಡಿ. ಆರ್. ನಾಗರಾಜ್ ಮಾತಿಗೆ ನಿಂತರೆ ಎದುರಾಳಿಗೆ ಬೆವರು ಎಂದು ಕೇಳಿದವರು ಈಗಲೂ ಹೇಳುತ್ತಾರೆ. 1998ರಲ್ಲಿ, ನಲವತ್ತನಾಲ್ಕಕ್ಕೇ ಹೋಗಿಬಿಟ್ಟರು. ‘ಸಾಹಿತ್ಯ ಕಥನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬರುವ ಹೊತ್ತಿಗೆ ಅವರಿರಲಿಲ್ಲ. ಇನ್ನು ಪಕ್ಕದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ವಿಚಾರವಾದಿ ಎಚ್. ನರಸಿಂಹಯ್ಯನವರು. 1935ರಲ್ಲಿ ಓದಬೇಕೆಂದು ಬೆಂಗಳೂರಿಗೆ ನಡೆದೇ ಹೋದ ಹುಡುಗ. ಗೌರಿಬಿದನೂರಿನ ರಸ್ತೆ ನಮ್ಮೂರ ಮೇಲೇ ಹಾಯುವುದರಿಂದ ಅವರು ನಮ್ಮ ಬೀದಿಯಲ್ಲೇ ಕೂತು ನೀರು ಕುಡಿದಿರಬೇಕೆಂದು ನಾನು ತೀರ್ಮಾನಿಸಿದ್ದೇನೆ. ಪುರಾವೆ ಏನೂ ಇಲ್ಲ. ಎಚ್ಚೆನ್ ಇದ್ದಿದ್ದರೆ ಈ ಮಾತನ್ನು ಮೊದಲು ತಳ್ಳಿಹಾಕುತ್ತಿದ್ದವರು ಅವರೇ. ಅವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬುಧವಾರ ಬುಧವಾರ ಉಪನ್ಯಾಸ ಇಡುತ್ತಿತ್ತು. ನಾವು ಒಂದಿಬ್ಬರು ರೈಲು ಹತ್ತಿ ಹೋಗಿ, ಅರ್ಥವಾದಷ್ಟು ಕೇಳಿ, ವಾಪಸ್ ರೈಲಿನ ಚಿಂತೆಯಲ್ಲಿ ಪ್ರಶ್ನೋತ್ತರಕ್ಕೆ ಮುಂಚೆ ಎದ್ದು ಬರುತ್ತಿದ್ದೆವು. ವಿಜ್ಞಾನದ ಎಲ್ಲ ಪ್ರಶ್ನೆಗಳೂ ನನ್ನಲ್ಲಿವೆ. ಉತ್ತರಗಳು ಬಸವನಗುಡಿಯಲ್ಲೇ ಉಳಿದವು.

ಅಪ್ಪ ಒಂದೇ ಒಂದು ಉಪನ್ಯಾಸಕ್ಕೆ ಬಂದದ್ದು. ವಿಷಯ ವಚನಕಾರ ಜೇಡರ ದಾಸಿಮಯ್ಯ. “ನಮ್ಮೋನಲ್ವೇನೋ, ಮಗ್ಗದೋನು” ಎಂದು ಮೊದಲೇ ಒಂದು ಕುತೂಹಲ ಇತ್ತು. ಅಷ್ಟಾದರೂ ಬರುತ್ತಿರಲಿಲ್ಲ, ಸಂಜೆ ಕರೆಂಟು ಹೋಯಿತು. ನಾನು ಕುರ್ಚಿ ಹೊರುತ್ತಾ ತಿರುಗಿ ನೋಡುತ್ತೇನೆ, ಅರ್ಧ ಬೀದಿಯೇ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದು ಸಭಾಂಗಣದ ಹಿಂದೆ ನಿಂತಿದೆ. ಬನಿಯನ್ನಿಗೆ ರೇಷ್ಮೆ ಎಳೆ ಅಂಟಿಕೊಂಡೇ ಇದೆ. ವೇದಿಕೆಯಲ್ಲಿ ಎರಡು ಮೇಣದ ಬತ್ತಿ. ಬೆಂಗಳೂರಿನಿಂದ ಬಂದ ಉಪನ್ಯಾಸಕರದು ಮೊದಲೇ ಮೆಲುದನಿ. ಮೈಕಿಲ್ಲದೆ ಮುಂದಿನ ಎರಡು ಸಾಲಿಗೂ ಮುಟ್ಟುತ್ತಿಲ್ಲ. ಹುಡುಗರು ಗುಸುಗುಸು ಶುರು ಮಾಡಿದರು. ಹಿಂದೆ ನಿಂತ ನೇಕಾರರು ಮಾತ್ರ ಕದಲದೆ ತಲೆಯಾಡಿಸುತ್ತಿದ್ದರು.

ಆಮೇಲೆ ಹೊಳೆಯಿತು. ಮಗ್ಗದ ಸದ್ದಿನಲ್ಲಿ ಮೂವತ್ತು ವರ್ಷ ಕಳೆದವರು ಕಿವಿಯಿಂದ ಕೇಳುವುದನ್ನು ಎಂದೋ ಬಿಟ್ಟಿದ್ದರು. ‘ಊಟ ಆಯ್ತಾ’ ಎನ್ನುವುದರಿಂದ ಹಿಡಿದು ಮಗಳ ಮದುವೆಯ ಮಾತಿನ ತನಕ ಎಲ್ಲವನ್ನೂ ತುಟಿ ನೋಡಿಯೇ ತಿಳಿಯುವವರು. ಮೇಣದ ಬತ್ತಿಯ ಬೆಳಕು ಉಪನ್ಯಾಸಕರ ಬಾಯಿಯ ಮೇಲೆ ಸರಿಯಾಗಿ ಬಿದ್ದಿತ್ತು. ಇಡೀ ಸಭೆಯಲ್ಲಿ ದಾಸಿಮಯ್ಯ ದಕ್ಕಿದ್ದು ಇವರಿಗೇ.

ಅದಕ್ಕೇ ತಪ್ಪೂ ಸಿಕ್ಕಿತು. “ಮೇಷ್ಟ್ರೇ” ಎಂದು ಅಪ್ಪನ ದನಿ ಹಿಂದಿನಿಂದ ಬಂತು. ಮಗ್ಗದವರ ದನಿ, ಮೈಕು ಬೇಡದ್ದು. “ಹಾಸು ಅಡ್ಡಕ್ಕೆ ಹೋಗಲ್ಲ. ಅದು ಉದ್ದಕ್ಕೆ. ಅಡ್ಡ ಹೋಗೋದು ಹೊಕ್ಕು. ನೀವು ಹೇಳ್ದಂಗೆ ನೇಯ್ದ್ರೆ ಸೀರೆ ಆಗಲ್ಲ, ಚಾಪೆನೂ ಆಗಲ್ಲ.” ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಉಪನ್ಯಾಸಕರು ದೊಡ್ಡವರು. ಕನ್ನಡಕ ತೆಗೆದು, “ಇಲ್ಲಿ ಬನ್ನಿ ಯಜಮಾನ್ರೇ, ಸ್ವಲ್ಪ ಬಿಡಿಸಿ ಹೇಳಿ” ಎಂದು ಕರೆದರು. ಅಪ್ಪ ನಾಲ್ಕು ಹೆಜ್ಜೆ ಇಟ್ಟಿದ್ದರು, ಅಷ್ಟೆ. ಟ್ಯೂಬ್‌ಲೈಟು ಮಿಣಮಿಣ ಎಂದಿತು. ಊರಿಗೆ ಊರೇ “ಬಂತು ಬಂತು” ಎಂದಿತು. ಅಪ್ಪ ಅಲ್ಲಿಂದಲೇ ಕೈಮುಗಿದು ತಿರುಗಿದರು. ಒಂದೇ ನಿಮಿಷಕ್ಕೆ ಹಿಂಭಾಗ ಖಾಲಿ. ಮೈಕಿಗೂ ಜೀವ ಬಂದು ಖಾಲಿ ಜಾಗಕ್ಕೆ ಕೀ ಎಂದು ಕೂಗಿತು.

ರಾತ್ರಿ ಮನೆಗೆ ಹೋದರೆ ಅಪ್ಪ ಮಗ್ಗದ ಮುಂದೆ. ಲಾಳಿಗೆ ಹೊಸ ಕಂಡಿಕೆ ಹಾಕುತ್ತಾ, “ಆಮೇಲೆ ಏನಂದ್ರು?” ಎಂದು ಕೇಳಿದರು. ನಾನು ಆ ಹೊತ್ತಿನಲ್ಲಿ ಹಾರ, ಶಾಲು, ಉಪ್ಪಿಟ್ಟಿನ ತಟ್ಟೆ ಎಣಿಸುತ್ತಿದ್ದೆ. ಒಂದು ಮಾತೂ ಕೇಳಿರಲಿಲ್ಲ. ಆದರೂ ಕಾರ್ಯದರ್ಶಿ ಅಲ್ಲವೇ, ಬಸವಣ್ಣ, ಕಾಯಕ, ಸಮಾನತೆ ಎಂದು ಜೋರಾಗಿ ಏನೇನೋ ಕೂಗಿ ಹೇಳಿದೆ. ಅವರು ನನ್ನ ತುಟಿಯನ್ನೇ ನೋಡುತ್ತಾ ನಿಂತರು. ಮಗ್ಗ ಶುರು ಮಾಡಿ, ನನ್ನ ಕಡೆ ತಿರುಗಿ ಏನೋ ಅಂದರು. ಆ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ತುಟಿ ನೋಡಿ ತಿಳಿದುಕೊಂಡೆ.

“ಮುಂದಿನ ಸಲ ಸರ್ಯಾಗಿ ಕೇಳ್ಕಂಡು ಬಾ.”